ನನ್ನದೇ ರುಜು, ನನ್ನದೇ ಎಮ್ಮೆ

ಕೀಲಿ ಕೊಟ್ಟರೆ ಆಡುವ ಪ್ರಾಣಿಗಳ ವಿಷಯದಲ್ಲಿ ಚನ್ನಗಿರಿಯಿಂದ ಶಿವಮೊಗ್ಗದವರೆಗೆ ನನ್ನಷ್ಟು ತಿಳಿದವರು ಆ ಕಾಲದಲ್ಲಿ ಯಾರೂ ಇರಲಿಲ್ಲ. ಇದನ್ನು ನಾನು ಈಗಲೂ ಧೈರ್ಯವಾಗಿ ಹೇಳಬಲ್ಲೆ. ಜೀವ ಇರುವ ಪ್ರಾಣಿಗಳ ವಿಷಯ ಬೇರೆ. ಅವಕ್ಕೆ ನಾನು ಡಾಕ್ಟರಾಗಿದ್ದೆ, ಅಷ್ಟೆ.

ಯುದ್ಧದ ವರ್ಷಗಳವು. ಚನ್ನಗಿರಿ ತಾಲ್ಲೂಕಿಗೆ ನಾನೊಬ್ಬನೇ ಸರ್ಕಾರಿ ದನದ ಡಾಕ್ಟರು. ಹೊನ್ನಾಳಿಯ ಡಾಕ್ಟರು ಕಾಯಿಲೆ ಬಿದ್ದು ಉದ್ದ ರಜೆ ಹಾಕಿದ ಮೇಲೆ ಆ ತಾಲ್ಲೂಕನ್ನೂ ನನ್ನ ಕೊರಳಿಗೇ ಕಟ್ಟಿದರು. ಎರಡೂ ತಾಲ್ಲೂಕಿನ ದನಕರುಗಳು ನನ್ನನ್ನು ಯಾವ ಭೇದವೂ ಇಲ್ಲದೆ ಒಂದೇ ರೀತಿ ನಡೆಸಿಕೊಂಡವು. ಕತ್ತಲಗೆರೆಯ ಎತ್ತೊಂದು ನನ್ನ ಮೊಣಕಾಲಿಗೆ ಒದ್ದು ಒಂದು ತಿಂಗಳು ಕುಂಟಿಸಿತು. ಹೊನ್ನಾಳಿಯ ಹೋರಿಯೊಂದು ನನ್ನ ಕೋಟಿನ ಬಲತೋಳನ್ನು ಕಿತ್ತುಕೊಂಡು, ನಾನು ನೋಡುತ್ತಿದ್ದ ಹಾಗೆಯೇ ಅಗಿದು ನುಂಗಿತು. ಆಮೇಲೆ ಅದಕ್ಕೆ ಹೊಟ್ಟೆನೋವು ಬಂದಾಗ ಔಷಧಿ ಕೊಡಬೇಕಾದವನೂ ನಾನೇ.

ಇಂಥ ಕಾಲದಲ್ಲಿ ಒಂದು ದಿನ ಸೂರಗೊಂಡನಕೊಪ್ಪದ ಕಡೆ ದನಗಳಿಗೆ ಚುಚ್ಚುಮದ್ದು ಹಾಕಿ, ನ್ಯಾಮತಿಗೆ ಬಂದು ಬಸ್ಸಿಗೆ ಕಾಯುತ್ತಿದ್ದೆ. ಬಿಸಿಲು ಜೋರಾಗಿತ್ತು. ಹತ್ತಿರದಲ್ಲೇ ಬಡಗಿ ಮೌನೇಶಾಚಾರ್ಯರ ಚಪ್ಪರವಿತ್ತು. ನೆರಳಿಗೆಂದು ಅಲ್ಲಿ ಹೋಗಿ ಕುಳಿತೆ. ಆಚಾರ್ಯರಿಗೆ ಐವತ್ತು ದಾಟಿತ್ತು. ಊರಿಗೆಲ್ಲ ಗಾಡಿಯ ಗಾಲಿ, ನೇಗಿಲು ಮಾಡಿಕೊಡುವುದು ಅವರ ಕೆಲಸ. ಆ ಕೆಲಸ ಮುಗಿದ ಮೇಲೆ ತಮ್ಮ ಖುಷಿಗೆ ಏನು ಮಾಡುತ್ತಿದ್ದರು ಎಂಬುದು ಗೋಡೆಯ ಹಲಗೆಯ ಮೇಲೆ ಕೂತಿತ್ತು. ಅದು ಒಂದು ಕೋಳಿ. ಮೈ ಮರದ್ದು, ರೆಕ್ಕೆ ಸೀಮೆಎಣ್ಣೆ ಡಬ್ಬದ ತಗಡಿನದು, ಕಾಲು ಹಳೆಯ ಕೊಡೆಯ ಕಡ್ಡಿಯವು. ಆಚಾರ್ಯರು ಅದರ ರೆಕ್ಕೆಯ ಕೆಳಗೆ ಕೀಲಿ ತಿರುಗಿಸಿ ನನ್ನ ಮುಂದೆ ಬಿಟ್ಟರು. ಕೋಳಿ ಐದು ಸಲ ನೆಲ ಕುಕ್ಕಿತು. ನಿಂತಿತು. ಕತ್ತು ಓರೆ ಮಾಡಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿತು. ನಮ್ಮ ಮಾವನವರು ಹೆಣ್ಣು ಕೊಡುವ ಮೊದಲು ನನ್ನನ್ನು ನೋಡಿದ್ದು ಥೇಟ್ ಹೀಗೆಯೇ.

ಆ ಕೋಳಿಯನ್ನು ಬಿಟ್ಟು ಬರಲು ನನ್ನಿಂದ ಆಗಲಿಲ್ಲ. ಒದೆಯದ, ಕೋಟು ತಿನ್ನದ ಒಂದು ಪ್ರಾಣಿಯನ್ನು ನಾನು ನೌಕರಿಗೆ ಸೇರಿದ ಮೇಲೆ ಕಂಡದ್ದು ಅದೇ ಮೊದಲು.

ಆಮೇಲೆ ನ್ಯಾಮತಿಯ ಸುತ್ತಮುತ್ತ ದನಗಳಿಗೆ ಕಾಯಿಲೆ ಇರಲಿ ಇಲ್ಲದಿರಲಿ, ನಾನು ಮಾತ್ರ ಹದಿನೈದು ದಿನಕ್ಕೊಮ್ಮೆ ಹೋಗತೊಡಗಿದೆ. ಒಂದು ಆಮೆ ಬಂತು. ಮುಟ್ಟಿದರೆ ತಲೆ ಒಳಗೆಳೆದುಕೊಂಡು, ನಾವು ಮರೆತು ಬೇರೆ ಕಡೆ ತಿರುಗಿದಾಗ ಮೆಲ್ಲಗೆ ಹೊರಗೆ ಹಾಕುತ್ತಿತ್ತು. ಎರಡು ಮಂಗಗಳು ಬಂದವು. ಒಂದು ಇನ್ನೊಂದರ ತಲೆಯ ಹೇನು ಹುಡುಕಿ, ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಒಂದು ಕತ್ತೆ ಬಂತು. ಅದಕ್ಕೆ ಎಷ್ಟು ಕೀಲಿ ಕೊಟ್ಟರೂ ಹೆಜ್ಜೆ ಕಿತ್ತಿಡದೆ ನಿಂತಲ್ಲೇ ತಲೆ ಅಡ್ಡಡ್ಡ ಆಡಿಸಿತು. ಕೆಟ್ಟಿದೆಯೇನೋ ಎಂದು ಕೇಳಿದ್ದಕ್ಕೆ ಆಚಾರ್ಯರಿಗೆ ಬೇಸರವಾಯಿತು. "ಕತ್ತೆ ಅಂದ್ರೆ ಹಂಗೇ ಅಲ್ರೇನ್ರಿ ಡಾಕ್ಟ್ರೇ? ಬಾ ಅಂದ್ರೆ ಬರಾಕೆ ಅದೇನು ಕುದುರೆ ಏನ್ರಿ?" ಎಂದರು. ನಾನು ಕ್ಷಮೆ ಕೇಳಿ ಅದನ್ನೂ ತಂದೆ.

ನನ್ನ ಹೆಂಡತಿ ಗಿರಿಜೆ ಇದಕ್ಕೆಲ್ಲ ಅಡ್ಡ ಬಂದವಳಲ್ಲ. ಹಾಲು ಕೊಡದಿದ್ದರೆ ಬೇಡ, ದಿನಾ ಧೂಳು ಒರೆಸುವುದಾದರೂ ನೀವೇ ನೋಡಿಕೊಳ್ಳಿ ಎಂದು ಒಮ್ಮೆ ಹೇಳಿದಳು. ನಾನು ಆಗಲಿ ಎಂದೆ. ಒರೆಸಿದವಳು ಅವಳೇ. ಅವಳ ಬಗ್ಗೆ ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಅವಳು ಲೋಯರ್ ಸೆಕೆಂಡರಿ ಪಾಸು ಮಾಡಿದವಳು, ಅಕ್ಷರ ಮುತ್ತಿನಂಥವು. ನನ್ನ ಅಕ್ಷರವನ್ನು ನಾನೇ ಮರುದಿನ ಓದಲಾರೆ. ಹೀಗಾಗಿ ನನ್ನ ಕಚೇರಿಯ ಆರ್ಡರು, ವರದಿ, ನಕಲು ಎಲ್ಲವೂ ಅವಳ ಕೈಯಿಂದಲೇ ಹೋಗುತ್ತಿದ್ದವು. ಕೊನೆಯಲ್ಲಿ ರುಜು ಮಾತ್ರ ನನ್ನದು.

ಸಂಗ್ರಹ ಇಷ್ಟಾದ ಮೇಲೆ ನನಗೆ ದೊಡ್ಡದೊಂದು ಬೇಕೆನಿಸಿತು. ಎಮ್ಮೆ. ಒಂದು ವರ್ಷದ ಕರುವಿನಷ್ಟು ಎತ್ತರ, ಮೆಲುಕು ಹಾಕಬೇಕು, ಕಿವಿ ಬಡಿಯಬೇಕು, ಬೆನ್ನ ಮೇಲೆ ತಂತಿಯ ತುದಿಯಲ್ಲಿ ತಗಡಿನ ನೊಣವೊಂದು ಕೂತಿರಬೇಕು. ಬಾಲ ಬೀಸಿದಾಗ ನೊಣ ಏಳಬೇಕು, ಮತ್ತೆ ಅಲ್ಲೇ ಬಂದು ಕೂರಬೇಕು. ಆಚಾರ್ಯರು ಕಣ್ಣು ಮುಚ್ಚಿಕೊಂಡು ಇದನ್ನೆಲ್ಲ ಕೇಳಿದರು. ಆಗುತ್ತದೆ, ಆದರೆ ಯುದ್ಧದ ದೆಸೆಯಿಂದ ದೊಡ್ಡ ಸ್ಪ್ರಿಂಗು ಎಲ್ಲೂ ಸಿಗುವುದಿಲ್ಲ ಎಂದರು. ನಾನು ಯೋಚಿಸಿದೆ. ನಮ್ಮ ಮನೆಯ ಗೋಡೆಯಲ್ಲಿ ಮಾವನವರು ಕೊಟ್ಟ ಗಡಿಯಾರವಿತ್ತು. ಅದು ಸ್ವಲ್ಪ ಹಿಂದೆ ನಡೆಯುತ್ತಿದ್ದದ್ದು ನಿಜ. ಗಿರಿಜೆಗೆ ರಿಪೇರಿಗೆಂದು ಹೇಳಿ ಅದನ್ನು ನ್ಯಾಮತಿಗೆ ಒಯ್ದೆ.

ಸ್ಪ್ರಿಂಗು ಕೂತಿತು. ಎಮ್ಮೆ ಮೆಲುಕು ಹಾಕಿತು. ಆದರೆ ಮೂಕ ಎಮ್ಮೆ. ಕೂಗು ಬರಬೇಕಾದರೆ ತಿದಿ ಬೇಕು, ಪೀಪಿ ಬೇಕು ಎಂದು ಆಚಾರ್ಯರು ಹೇಳಿದರು. ಗಿರಿಜೆಯ ಹತ್ತಿರ ಒಂದು ಹಾರ್ಮೋನಿಯಂ ಇತ್ತು. ಸೋಮವಾರದ ಸಂಜೆ ಅದನ್ನು ಮುಂದಿಟ್ಟುಕೊಂಡು ವಚನ ಹಾಡುವುದು ಅವಳ ತವರುಮನೆಯಿಂದ ಬಂದ ರೂಢಿ. ನಾನು ಒಂದು ಸೋಮವಾರ ಬೆಳಿಗ್ಗೆ ಆ ಪೆಟ್ಟಿಗೆಯನ್ನು ಬಹಳ ಗಂಭೀರವಾಗಿ ಪರೀಕ್ಷೆ ಮಾಡಿ, ತಿದಿಯನ್ನು ಇಲಿ ಕಡಿದಿದೆ ಎಂದು ಹೇಳಿದೆ. ದನದ ಡಾಕ್ಟರು ಹೇಳಿದ ಮೇಲೆ ನಂಬದೆ ಏನು ಮಾಡುತ್ತಾಳೆ. ನ್ಯಾಮತಿಗೆ ಹೋಗುವಾಗ ಅದನ್ನೂ ರಿಪೇರಿಗೆ ಒಯ್ದುಬಿಡುತ್ತೇನೆ ಎಂದಾಗ, ನಿಮಗೆ ಎಷ್ಟು ತೊಂದರೆ ಎಂದು ಅವಳು ಮರುಗಿದಳು. ನನಗೆ ಒಂದು ಕ್ಷಣ ಹೇಗೋ ಆಯಿತು. ಒಂದೇ ಕ್ಷಣ.

ಕೊನೆಯ ತಪ್ಪು ನನ್ನ ಶೋಕಿಯದು. ಮೈಗೆ ಕಪ್ಪು ಬಣ್ಣ ಬಳಿದರೆ ಸಾಕು ಎಂದು ಆಚಾರ್ಯರು ಹೇಳಿದರು. ನಾನು ಒಪ್ಪಲಿಲ್ಲ. ಎಮ್ಮೆ ಎಂದ ಮೇಲೆ ಎಮ್ಮೆಯ ಚರ್ಮವೇ ಇರಬೇಕು, ಎಮ್ಮೆಯ ಕೊಂಬೇ ಇರಬೇಕು ಎಂದು ಹಟ ಹಿಡಿದೆ.

ಇದಾದ ಕೆಲವೇ ವಾರಗಳಲ್ಲಿ ಹೊನ್ನಾಳಿ ಕಡೆ ದನಗಳಿಗೆ ದೊಡ್ಡರೋಗ ಕಾಣಿಸಿಕೊಂಡಿತು. ಇದು ಹಾಸ್ಯದ ವಿಷಯವಲ್ಲ. ಆ ರೋಗ ಬಂದರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿಯಾಗುತ್ತಿತ್ತು. ಚನ್ನಗಿರಿ ಕಡೆಗೆ ಅದು ದಾಟದ ಹಾಗೆ ಗಡಿಯಲ್ಲಿ ಕಾವಲು ಹಾಕಬೇಕೆಂದು ಶಿವಮೊಗ್ಗದಿಂದ ಇಂಗ್ಲಿಷಿನಲ್ಲಿ ಸುತ್ತೋಲೆ ಬಂತು. ಅದನ್ನು ಗಿರಿಜೆಯ ಕೈಗೆ ಕೊಟ್ಟು, ಹಳ್ಳಿಯವರಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಒಂದು ಆರ್ಡರು ಬರೆಯಲು ಹೇಳಿದೆ. ಅವಳು ಮಧ್ಯಾಹ್ನವಿಡೀ ಕೂತು ಮೂರು ಕಲಮು ಬರೆದು ತಂದಿಟ್ಟಳು. ಆ ದಿನದ ಟಪಾಲಿನಲ್ಲಿ ಮೌನೇಶಾಚಾರ್ಯರ ಕಾಗದವೂ ಬಂದಿತ್ತು. ಎಮ್ಮೆ ತಯಾರಾಗಿದೆ, ಬಂದು ಕರೆದುಕೊಂಡು ಹೋಗಬೇಕು ಎಂದಿತ್ತು. ನಾನು ಆರ್ಡರಿನ ಮೊದಲನೆಯ ಕಲಮು ಓದಿದೆ. ಕಾಗದವನ್ನು ನಾಲ್ಕು ಸಲ ಓದಿದೆ. ಆಮೇಲೆ ಆರ್ಡರಿನ ಕೆಳಗೆ ರುಜು ಹಾಕಿದೆ.

ಹೊನ್ನಾಳಿ ಕಡೆ ಎರಡು ವಾರ ಹಳ್ಳಿಹಳ್ಳಿ ತಿರುಗಿ ಚುಚ್ಚುಮದ್ದು ಹಾಕಿದೆ. ಆ ಕೆಲಸದಲ್ಲಿ ನಾನು ಮೈಗಳ್ಳತನ ಮಾಡಲಿಲ್ಲ, ಅದನ್ನು ಹೇಳಿಕೊಳ್ಳುತ್ತೇನೆ. ಹಿಂದಿರುಗುವಾಗ ನ್ಯಾಮತಿಗೆ ಹೋಗಿ ಎಮ್ಮೆಯನ್ನು ಗೋಣಿತಾಟು ಸುತ್ತಿ ಬಸ್ಸಿನ ನೆತ್ತಿಯ ಮೇಲೆ ಹೊರಿಸಿದೆ. ಆಚಾರ್ಯರು ಕಣ್ಣಲ್ಲಿ ನೀರು ತಂದುಕೊಂಡು, ಜಾಸ್ತಿ ಕೀಲಿ ಕೊಡಬೇಡಿ ಎಂದು ಎರಡೆರಡು ಸಲ ಹೇಳಿದರು. ಆದರೆ ಸರಿಯಾಗಿ ಕೂಗುತ್ತದೆಯೋ ಇಲ್ಲವೋ ಎಂದು ನೋಡಲು ನಾನು ಆಗಲೇ ಪೂರ್ತಿ ಕೀಲಿ ಕೊಟ್ಟು, ಹೊರಡುವ ಗಡಿಬಿಡಿಯಲ್ಲಿ ಅದು ತಿರುಗದ ಹಾಗೆ ಅಡ್ಡ ಕಡ್ಡಿ ಸಿಕ್ಕಿಸಿ ಬಿಟ್ಟಿದ್ದೆ.

ಪೆಟ್ರೋಲು ಸಿಗದೆ ಆಗ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮರ್ಯಾದೆಯ ಮಾತು. ಏರು ಬಂದರೆ ಜನ ಇಳಿದು ತಳ್ಳುತ್ತಿದ್ದರು. ಹೊಳೆ ದಾಟಿ, ಹೊನ್ನಾಳಿ ಬಿಟ್ಟು ಚನ್ನಗಿರಿ ದಾರಿಗೆ ಬಿದ್ದಾಗ ಒಂದು ಗುಂಡಿಯಲ್ಲಿ ಬಸ್ಸು ಎತ್ತಿ ಹಾಕಿತು. ಕಡ್ಡಿ ಬಿದ್ದುಹೋಗಿರಬೇಕು. ತಲೆಯ ಮೇಲಿನಿಂದ "ಆಂಯ್" ಎಂದು ಕೇಳಿಸಿತು. ನನ್ನ ಪಕ್ಕದಲ್ಲಿದ್ದ ಅಡಿಕೆ ಫಸಲು ಗುತ್ತಿಗೆ ಹಿಡಿಯುವ ಗೌಡರು ಮೇಲೆ ನೋಡಿ, ಬಸ್ಸಿನ ಯಂತ್ರ ಕೆಟ್ಟಿತು ಎಂದರು. ಕಂಡಕ್ಟರ್ ಇದು ಬಸ್ಸಿನ ಸದ್ದಲ್ಲ, ಬಸ್ಸು ಇಷ್ಟು ಗಟ್ಟಿಯಾಗಿಲ್ಲ ಎಂದ. ಇನ್ನೊಂದು ಗುಂಡಿ ಬಂತು. ಮತ್ತೆ "ಆಂಯ್". ನಾನು ಕಿಟಕಿಯಾಚೆ ನೋಡುತ್ತ ಕುಳಿತೆ.

ತಾಲ್ಲೂಕಿನ ಗಡಿಯ ಹಳ್ಳಿಯಲ್ಲಿ ರಸ್ತೆಗೆ ಅಡ್ಡ ಬಿದಿರು ಕಟ್ಟಿತ್ತು. ಕಟ್ಟಿಸಿದವನು ನಾನೇ. ಬಿದಿರಿನ ಹತ್ತಿರ ಕೋಲು ಹಿಡಿದು ನಿಂತಿದ್ದವನು ಆ ಹಳ್ಳಿಯ ತಳವಾರ ಹನುಮಪ್ಪ. ನನ್ನ ಆರ್ಡರು ಅವನ ಬೆನ್ನ ಹಿಂದೆ ಬೇವಿನ ಮರಕ್ಕೆ ಅಂಟಿಸಿತ್ತು. ಅವನಿಗೆ ಓದಲು ಬಾರದು. ಶಾನುಭೋಗರಿಂದ ಮೂರು ದಿನ ಓದಿಸಿಕೊಂಡು ಇಡೀ ಆರ್ಡರನ್ನು ಬಾಯಿಪಾಠ ಮಾಡಿದ್ದ. ಅದನ್ನು ಪೂರ್ತಿ ಓದದಿದ್ದವನು ಆ ಬಸ್ಸಿನಲ್ಲಿ ನಾನೊಬ್ಬನೇ ಎಂದು ತೋರುತ್ತದೆ.

ಹನುಮಪ್ಪ ನನ್ನನ್ನು ಕಂಡು ಕೈಮುಗಿದ. ಮೇಲೆ ಇರುವುದು ಏನು ಎಂದು ಕೇಳಿದ. ಮಕ್ಕಳ ಆಟದ ಸಾಮಾನು ಎಂದೆ. ಆ ಹೊತ್ತಿಗೆ ಸರಿಯಾಗಿ ಎಮ್ಮೆ ಕೂಗಿತು. ಹನುಮಪ್ಪ ಏಣಿ ಹತ್ತಿ ಗೋಣಿತಾಟು ಸರಿಸಿದ. ಎಮ್ಮೆ ಅವನ ಮುಖ ನೋಡುತ್ತ ಮೆಲುಕು ಹಾಕಿತು, ಬಾಲ ಬೀಸಿತು, ನೊಣ ಎದ್ದು ಮತ್ತೆ ಕೂತಿತು. ಬಸ್ಸಿನವರೆಲ್ಲ ಇಳಿದು ಬಂದು ಕತ್ತೆತ್ತಿ ನಿಂತರು. ಆಚಾರ್ಯರ ಕೆಲಸಕ್ಕೆ ಅದಕ್ಕಿಂತ ದೊಡ್ಡ ಮರ್ಯಾದೆ ಸಿಕ್ಕಿರಲಾರದು. ಆ ಹೊತ್ತಿನಲ್ಲೂ ನನಗೆ ಸ್ವಲ್ಪ ಹೆಮ್ಮೆಯಾಯಿತು.

ಕೆಳಗಿಳಿಸಿದ ಮೇಲೆ ನಾನು ಕೀಲಿ ತೋರಿಸಿದೆ, ಹೊಟ್ಟೆ ತಟ್ಟಿ ಮರದ ಸದ್ದು ಕೇಳಿಸಿದೆ. ಹನುಮಪ್ಪ ತಾಳ್ಮೆಯಿಂದ ಕೇಳಿದ. ಕೊಂಬು ಮುಟ್ಟಿ ನೋಡಿದ. ಚರ್ಮವನ್ನು ಉಜ್ಜಿ, ಬೆರಳು ಮೂಸಿದ. ಆಮೇಲೆ ಕಣ್ಣು ಮುಚ್ಚಿಕೊಂಡು ಹೇಳಿದ:

"ಎರಡನೇ ಕಲಮು. ಹೊನ್ನಾಳಿ ಕಡೀಂದ ಜೀವ ಇರೋ ದನ ಬಂದ್ರೆ ಗಡಿ ದೊಡ್ಡೀಲಿ ಹತ್ತು ದಿನ ಕಟ್ಟಬೇಕು, ಡಾಕ್ಟ್ರು ದಿನಾ ಬಂದು ನೋಡಿ ಪುಸ್ತಕದಾಗೆ ಬರೀಬೇಕು. ಮೂರನೇ ಕಲಮು. ತೊಗಲು, ಕೊಂಬು, ಗೊರಸು ಬಂದ್ರೆ ಅಲ್ಲೇ ಸುಡಬೇಕು. ಆರ್ಡರು ನಿಮ್ದೇ ಐತ್ರಿ. ಈಗ ನೀವೇ ಹೇಳ್ರಿ ಡಾಕ್ಟ್ರೇ. ಇದಕ್ಕೆ ಜೀವ ಐತೋ ಇಲ್ಲೋ?"

ಮೂರನೆಯ ಕಲಮನ್ನು ನಾನು ಕೇಳಿದ್ದು ಆಗಲೇ. ಎಮ್ಮೆಯನ್ನು ನೋಡಿದೆ. ಕೀಲಿ ಇಳಿಯುತ್ತ ಬಂದಿತ್ತು. ಕಿವಿ ಒಂದು ಸಲ ಮೆಲ್ಲಗೆ ಬಡಿದು ನಿಂತಿತು. ಎರಡು ತಾಲ್ಲೂಕಿನ ಪಶುವೈದ್ಯಾಧಿಕಾರಿಯಾದ ನಾನು, ಬಸ್ಸಿನ ಮೂವತ್ತು ಜನರ ಎದುರಿಗೆ, ಇದಕ್ಕೆ ಜೀವ ಇದೆ ಎಂದು ಹೇಳಿದೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅಡಿಕೆ ಗೌಡರು ಮಾತ್ರ ನನ್ನ ಮುಖವನ್ನು ಬಹಳ ಹೊತ್ತು ನೋಡಿ, ಚನ್ನಗಿರಿಯವರೆಗೆ ಬೇರೆ ಸೀಟಿನಲ್ಲಿ ಕುಳಿತರು.

ಅಂದಿನಿಂದ ದಿನಾ ಬೆಳಿಗ್ಗೆ ಸೈಕಲ್ ತುಳಿದುಕೊಂಡು ಗಡಿಗೆ ಹೋಗತೊಡಗಿದೆ. ದೊಡ್ಡಿಯಲ್ಲಿ ಎಮ್ಮೆಗೆ ಹನುಮಪ್ಪ ಹಗ್ಗ ಕಟ್ಟಿದ್ದ, ಮುಂದೆ ಹುಲ್ಲು ಹಾಕಿದ್ದ. ಹುಲ್ಲು ಯಾಕೆ ಎಂದರೆ, ಆರ್ಡರಿನಲ್ಲಿದೆ ಎಂದ. ಪುಸ್ತಕ ತಂದು ಮುಂದಿಟ್ಟ. ಸರ್ಕಾರಿ ದಾಖಲೆಯಲ್ಲಿ ಸುಳ್ಳು ಬರೆಯಬಾರದು ಎಂಬುದು ನನ್ನ ನಿಯಮ. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಮೇವು: ಮುಟ್ಟಿಲ್ಲ. ನೀರು: ಕುಡಿದಿಲ್ಲ. ಸಗಣಿ: ಇಲ್ಲ. ಮೈಶಾಖ: ನೆರಳಿನಲ್ಲಿ ತಣ್ಣಗೆ, ಬಿಸಿಲಿನಲ್ಲಿ ಬಿಸಿ. ಮೆಲುಕು: ಡಾಕ್ಟರು ಇದ್ದಾಗ ಮಾತ್ರ. ಕೂಗು: ಗಟ್ಟಿಯಾಗಿದೆ.

ಮನೆಯಲ್ಲಿ ಗಿರಿಜೆ ಕೇಳಿದಾಗ, ಗಡಿಯಲ್ಲಿ ಒಂದು ಎಮ್ಮೆಯ ಕೇಸಿದೆ, ದಿನಾ ನೋಡಲೇಬೇಕು ಎಂದೆ. ಇದೂ ಸುಳ್ಳಲ್ಲ. ಅವಳಿಗೆ ನನ್ನ ಮೇಲೆ ಅಭಿಮಾನ ಹುಟ್ಟಿತು. ಇಷ್ಟು ದಿನ ನಿಮ್ಮ ಮನಸ್ಸು ಬರೀ ಆ ತಗಡಿನ ಕೋಳಿ ಕತ್ತೆಗಳ ಮೇಲೆ ಇದೆ ಎಂದುಕೊಂಡಿದ್ದೆ, ತಪ್ಪು ತಿಳಿದೆ ಎಂದಳು. ನಾನು ತಲೆ ಬಗ್ಗಿಸಿ ಊಟ ಮಾಡಿದೆ. ವಿನಯ ಎಂದುಕೊಂಡಳು.

ಐದನೆಯ ದಿನ ನನಗೆ ಸಾಕಾಯಿತು. ತೊಡೆ ನೋಯುತ್ತಿತ್ತು. ಹನುಮಪ್ಪನನ್ನು ಪಕ್ಕಕ್ಕೆ ಕರೆದು, ಇದು ಏನೆಂದು ನಿನಗೂ ಗೊತ್ತು, ನನಗೂ ಗೊತ್ತು, ಬಿಟ್ಟುಬಿಟ್ಟರೆ ಯಾರು ಕೇಳುತ್ತಾರೆ ಎಂದೆ. ಅವನು ಕೋಲನ್ನು ದೊಡ್ಡಿಯ ಗೋಡೆಗೆ ಒರಗಿಸಿದ.

"ಹಿಂದಿನ ಸಲ ರೋಗ ಬಂದಾಗ್ಲೂ ಒಬ್ಬರು ದೊಡ್ಡೋರು ಹಿಂಗೇ ಅಂದ್ರು, ಸಾಮಿ. ಬಿಡಪ್ಪ, ಯಾರು ಕೇಳ್ತಾರೆ ಅಂತ. ಬಿಟ್ಟೆ. ಅವರ ದನ ಹೋದ ದಾರೀಲಿ ರೋಗ ಬಂತು. ನನ್ನ ಜೋಡೆತ್ತು ಎಂಟು ದಿನದಾಗೆ ಹೋದ್ವು. ಆ ವರ್ಷ ನಾನೂ ನನ್ನ ಹೆಂಡ್ತಿನೂ ನೊಗಕ್ಕೆ ಹೆಗಲು ಕೊಟ್ಟು ಹೊಲ ಊಳಿದ್ವಿ."

ನಾನು ಹೋಗಿ ಪುಸ್ತಕದಲ್ಲಿ ಐದನೆಯ ದಿನದ್ದನ್ನು ಬರೆದೆ. ಆ ದಿನ ನನ್ನ ಅಕ್ಷರ ನನಗೇ ಓದಲು ಬರುವ ಹಾಗೆ ಇತ್ತು.

ವಾರದ ನಕಲು ಶಿವಮೊಗ್ಗಕ್ಕೆ ಹೋಗಬೇಕು ಎಂಬುದೂ ಆರ್ಡರಿನಲ್ಲಿ ಇತ್ತಂತೆ. ಗಿರಿಜೆಗೆ ಅದು ನೆನಪಿತ್ತು. ಏಳನೆಯ ದಿನ ನಾನು ಪುಸ್ತಕವನ್ನು ಮನೆಗೆ ತಂದು ಇಟ್ಟು ಸುಸ್ತಾಗಿ ಮಲಗಿದಾಗ, ಅವಳು ತನ್ನ ಮುತ್ತಿನ ಅಕ್ಷರದಲ್ಲಿ ನಕಲು ಮಾಡಿದಳು. ಮಾಡುತ್ತ ಮಾಡುತ್ತ ಅವಳಿಗೆ ಗಾಬರಿಯಾಯಿತು. ಏಳು ದಿನ ಮೇವಿಲ್ಲ, ನೀರಿಲ್ಲ, ಸಗಣಿ ಇಲ್ಲ, ಆದರೂ ಎಮ್ಮೆ ನಿಂತೇ ಇದೆ, ಗಟ್ಟಿಯಾಗಿ ಕೂಗುತ್ತಿದೆ. ಇಂಥ ಕಾಯಿಲೆಯನ್ನು ನನ್ನ ಗಂಡ ಒಬ್ಬರೇ ಹೇಗೆ ನಿಭಾಯಿಸಿಯಾರು ಎಂದುಕೊಂಡು, ಷರಾ ಬರೆಯುವ ಜಾಗದಲ್ಲಿ ಅವಳೇ ಒಂದು ಸಾಲು ಸೇರಿಸಿದಳು: "ರೋಗ ವಿಚಿತ್ರವಾಗಿದೆ. ತಾವು ದಯಮಾಡಿ ಬಂದು ನೋಡಬೇಕು." ನನ್ನನ್ನು ಎಬ್ಬಿಸಿ ರುಜು ಕೇಳಿದಳು. ನಾನು ಅರೆನಿದ್ದೆಯಲ್ಲಿ ಹಾಕಿದೆ.

ಒಂಬತ್ತನೆಯ ದಿನ ನಾನು ದೊಡ್ಡಿಯಲ್ಲಿ ಎಮ್ಮೆಯ ಕಿವಿಗೆ ಎಣ್ಣೆ ಬಿಡುತ್ತಿದ್ದೆ. ಧೂಳೆಬ್ಬಿಸಿಕೊಂಡು ಒಂದು ಕಾರು ಬಂದು ನಿಂತಿತು. ಅದರಿಂದ ಶಿವಮೊಗ್ಗದ ನಮ್ಮ ದೊಡ್ಡ ಸಾಹೇಬರು ಇಳಿದರು. ತೆಳ್ಳನೆಯ ಮನುಷ್ಯ, ಮಾತು ಕಡಿಮೆ, ನಕ್ಕದ್ದನ್ನು ನಮ್ಮ ಇಲಾಖೆಯಲ್ಲಿ ಯಾರೂ ಕಂಡಿರಲಿಲ್ಲ. ಹಿಂದಿನ ಬಾಗಿಲಿನಿಂದ ಬುತ್ತಿಯ ಗಂಟು ಹಿಡಿದುಕೊಂಡು ಗಿರಿಜೆ ಇಳಿದಳು. ಸಾಹೇಬರು ನನ್ನನ್ನು ಹುಡುಕಿಕೊಂಡು ಮನೆಗೆ ಹೋಗಿದ್ದರಂತೆ. ನಮ್ಮವರು ಊಟ ನಿದ್ದೆ ಬಿಟ್ಟು ಆ ಎಮ್ಮೆಯ ಹತ್ತಿರವೇ ಇದ್ದಾರೆ ಎಂದು ಇವಳು ಹೇಳಿ, ಬುತ್ತಿ ಕಟ್ಟಿಕೊಂಡು ದಾರಿ ತೋರಿಸಲು ಬಂದಿದ್ದಳು.

ಸಾಹೇಬರು ಮೊದಲು ಎಮ್ಮೆಯನ್ನು ನೋಡಲಿಲ್ಲ. ಪುಸ್ತಕ ಕೇಳಿದರು. ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿದರು. ಆಮೇಲೆ ಕನ್ನಡಕ ಒರೆಸಿಕೊಂಡು ಎಮ್ಮೆಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಎಡಪಕ್ಕೆಯ ಹತ್ತಿರ ಬಂದಾಗ ನಿಂತರು. ಕೀಲಿಯನ್ನು ನೋಡಿದರು, ನನ್ನನ್ನು ನೋಡಿದರು. ಡಾಕ್ಟರು ಇದ್ದಾಗ ಮೆಲುಕು ಹಾಕುತ್ತದೆ ಎಂದು ಬರೆದಿದ್ದೀರಿ, ಹಾಕಿಸಿ ಎಂದರು.

ಬೇರೆ ದಾರಿ ಇರಲಿಲ್ಲ. ಕೀಲಿ ಕೊಟ್ಟೆ. ಎಮ್ಮೆ ಮೆಲುಕು ಹಾಕಿತು, ಬಾಲ ಬೀಸಿತು, ನೊಣ ಎದ್ದು ಕೂತಿತು. ಸಾಹೇಬರ ತುಟಿಯ ಅಂಚು ಅಲುಗಿದ ಹಾಗೆ ನನಗೆ ಕಂಡಿತು. ಆಸೆಯಿಂದ ಹಾಗೆ ಕಂಡಿರಲೂಬಹುದು. ಎಲ್ಲ ಮುಗಿಯಿತು ಎನ್ನುವಾಗ ಎಮ್ಮೆ ಕತ್ತೆತ್ತಿ ಉದ್ದಕ್ಕೆ "ಆಂಯ್" ಎಂದಿತು.

ಗಿರಿಜೆಯ ಕೈಯ ಬುತ್ತಿ ಕೆಳಗಿಳಿಯಿತು. ಅವಳು ಎಮ್ಮೆಯ ಹತ್ತಿರ ಬಂದು ಕಿವಿಯಿಟ್ಟು ನಿಂತಳು.

"ರೀ, ಇದು ನನ್ನ ಹಾರ್ಮೋನಿಯಂ ಅಲ್ವೇನ್ರಿ?"

ಸಂಗೀತದ ಕಿವಿ ಎಂಥದು ಎಂದು ನನಗೆ ಅಂದೇ ತಿಳಿದದ್ದು. ನಾನು 'ಹೂಂ' ಎಂದೆ.

"ಹಂಗಾರೆ ಗಡಿಯಾರ?"

"ಹೊಟ್ಟೇಲಿದೆ" ಎಂದೆ.

ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸೆರಗಿನ ಪಿನ್ನು ತೆಗೆದು, ಅದರಿಂದ ಎಮ್ಮೆಯ ಪಕ್ಕೆಯ ಹಲಗೆಯ ಕೊಕ್ಕೆ ಬಿಡಿಸಿ, ಒಳಗಿನಿಂದ ತನ್ನ ತಿದಿಯನ್ನೂ ತನ್ನ ತಂದೆಯ ಗಡಿಯಾರದ ಯಂತ್ರವನ್ನೂ ಒಂದೊಂದಾಗಿ ಹೊರಗೆ ತೆಗೆದಳು. ಎರಡು ತಾಲ್ಲೂಕಿನಲ್ಲಿ ಅಷ್ಟು ಚೊಕ್ಕವಾದ ಶಸ್ತ್ರಚಿಕಿತ್ಸೆಯನ್ನು ನಾನು ಮಾಡಿರಲಿಲ್ಲ. ಸಾಹೇಬರೂ ಅದನ್ನು ಗಮನಿಸಿದರು.

ಆಮೇಲೆ ಅವರು ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ. "ಈ ಚರ್ಮ ಯಾವ ಊರಿನ ಎಮ್ಮೆಯದು ಅಂತ ಕೇಳಿದ್ರಾ?"

ನಾನು ಕೇಳಿರಲಿಲ್ಲ. ಕೂಗು ಹೇಗಿರಬೇಕು, ನೊಣ ಎಲ್ಲಿ ಕೂರಬೇಕು ಎಂದೆಲ್ಲ ಕೇಳಿದ್ದೆ. ಹೊನ್ನಾಳಿ ಕಡೆ ಎಮ್ಮೆಗಳು ಸಾಯುತ್ತಿದ್ದ ಕಾಲದಲ್ಲಿ ಆಚಾರ್ಯರಿಗೆ ಎಮ್ಮೆಯ ಚರ್ಮ ಎಲ್ಲಿಂದ ಸಿಕ್ಕಿತು ಎಂದು ದನದ ಡಾಕ್ಟರಿಗೆ ಹೊಳೆದಿರಲಿಲ್ಲ. ಬೇವಿನ ಮರದ ಕೆಳಗೆ ಹನುಮಪ್ಪ ಕೋಲಿನ ಮೇಲೆ ಗದ್ದವೂರಿ ನಿಂತಿದ್ದ. ಅವನ ಮುಖ ನೋಡಲು ನನಗೆ ಆಗಲಿಲ್ಲ. ನನ್ನ ಕತೆಯಲ್ಲಿ ನಾನು ನಿಜವಾಗಿ ನಾಚಿದ್ದು ಆ ಒಂದು ಗಳಿಗೆಯಲ್ಲಿ. ಉಳಿದದ್ದೆಲ್ಲ ಬರೀ ಅವಮಾನ.

ಇದಕ್ಕೆ ಜೀವ ಇದೆಯೇ ಎಂದು ಸಾಹೇಬರು ಕೇಳಿದರು. ಇಲ್ಲ ಎಂದೆ. ಹಾಗಾದರೆ ಮೂರನೆಯ ಕಲಮು ಎಂದರು. ಚರ್ಮ ಕಿತ್ತೆವು, ಕೊಂಬು ತೆಗೆದೆವು. ಹನುಮಪ್ಪ ಗುಂಡಿ ತೋಡಿ ಬೆಂಕಿ ಹಾಕಿದ. ಸೀಮೆಎಣ್ಣೆ ಸುರಿಯುವ ಗೌರವ ನನಗೆ ಬಂತು. ಮೇಲೆ ಸುಣ್ಣ ಹಾಕಿ ಮುಚ್ಚಿದೆವು. ಮರದ ಮೈ ಮಾತ್ರ ಉಳಿಯಿತು, ಬೋಳು ಬೋಳಾಗಿ, ಗಾಡಿಯ ಗಾಲಿ ಕಂಡು ಬೆರಗಾದ ಕರುವಿನ ಹಾಗೆ ಕಣ್ಣು ಬಿಟ್ಟುಕೊಂಡು.

ಗಿರಿಜೆ ಬುತ್ತಿ ಬಿಚ್ಚಿ ಸಾಹೇಬರಿಗೆ ರೊಟ್ಟಿ, ಎಣಗಾಯಿ ಪಲ್ಯ ಬಡಿಸಿದಳು. ಹನುಮಪ್ಪನಿಗೂ ಕೊಟ್ಟಳು. ಕಾರಿನ ಡ್ರೈವರಿಗೂ ಕೊಟ್ಟಳು. ನನ್ನ ಸರದಿ ಬರುವಷ್ಟರಲ್ಲಿ ಬುತ್ತಿ ಮುಗಿದಿತ್ತು. ಖಾಲಿ ಬಟ್ಟೆಯಲ್ಲಿ ತಿದಿಯನ್ನೂ ಗಡಿಯಾರವನ್ನೂ ಗಂಟು ಕಟ್ಟಿಕೊಂಡು ಕಾರು ಹತ್ತಿದಳು. ನನಗೆ ಸೈಕಲ್ ಇತ್ತು.

ಆ ವರ್ಷ ದೊಡ್ಡರೋಗ ಚನ್ನಗಿರಿ ಕಡೆಗೆ ದಾಟಲಿಲ್ಲ. ಶಿವಮೊಗ್ಗದಿಂದ ಎರಡು ಲಕೋಟೆ ಬಂದವು. ಒಂದು ತಳವಾರ ಹನುಮಪ್ಪನಿಗೆ ಮೆಚ್ಚಿಕೆಯ ಪತ್ರ. ಅದನ್ನು ಅವನಿಗೆ ಓದಿ ಹೇಳುವ ಕೆಲಸ ನನ್ನದೇ ಆಯಿತು. ಈ ಸಲ ಪೂರ್ತಿ ಓದಿದೆ. ಅವನು ಒಂದೇ ಸಲಕ್ಕೆ ಬಾಯಿಪಾಠ ಮಾಡಿಕೊಂಡ. ಇನ್ನೊಂದು ಲಕೋಟೆ ನನಗೆ. ಜಗಳೂರಿಗೆ ವರ್ಗ. ಮನೆಯಲ್ಲಿ ಆಗಲೇ ಜಗಳವಿತ್ತು. ಈಗ ಊರೂ ಸೇರಿತು. ಗಿರಿಜೆ ಸಾಮಾನು ಕಟ್ಟುವಾಗ ನನ್ನ ಪ್ರಾಣಿಗಳನ್ನು ಬಿಟ್ಟು ಬರಲು ಹೇಳುತ್ತಾಳೆಂದು ಹೆದರಿದ್ದೆ. ಅವಳು ಒಂದೊಂದನ್ನೂ ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಕೀಲಿಗಳನ್ನೆಲ್ಲ ತನ್ನ ಸೊಂಟದ ಗೊಂಚಲಿಗೆ ಹಾಕಿಕೊಂಡಳು.

ಜಗಳೂರಿನಲ್ಲಿ ನನ್ನ ಮೊದಲನೆಯ ದಿನ. ಕಚೇರಿಯ ಮುಂದೆ ವಯಸ್ಸಾದ ರೈತರೊಬ್ಬರು ಕುಂಟುತ್ತಿದ್ದ ಎತ್ತನ್ನು ಹಿಡಿದು ನಿಂತಿದ್ದರು. ಹೆಸರು ಕೇಳಿದೆ, ಎಷ್ಟು ದಿನದಿಂದ ಕುಂಟು ಎಂದು ಕೇಳಿದೆ. ಅವರು ಹಗ್ಗ ಬಿಗಿ ಹಿಡಿದು ಬಹಳ ವಿನಯದಿಂದ ಅಂದರು: "ಡಾಕ್ಟ್ರೇ, ತಪ್ಪು ತಿಳ್ಕಬ್ಯಾಡ್ರಿ. ಇದು ನಿಜವಾದ ಎತ್ತು ಐತ್ರಿ. ಮೇಯ್ತೈತೆ, ನೀರು ಕುಡೀತೈತೆ. ಇಂಥವನ್ನೂ ನೋಡ್ತೀರಂತಾ?"

ನೋಡುತ್ತೇನೆ ಎಂದೆ. ಗೊರಸಿನ ಸಂದಿನಲ್ಲಿ ಜಾಲಿಮುಳ್ಳು ಮುರಿದು ಕೂತಿತ್ತು. ಇಕ್ಕಳದಿಂದ ತೆಗೆದು ಔಷಧಿ ಹಚ್ಚಿದೆ. ಎತ್ತು ಒದೆಯಲಿಲ್ಲ, ಹೊಸ ಊರಿನವನೆಂದು ದಾಕ್ಷಿಣ್ಯ ಮಾಡಿರಬೇಕು. ರೈತರು ಅದನ್ನು ಹೊಡೆದುಕೊಂಡು ಬೀದಿಗಿಳಿದರು. ಎದುರಿಗೆ ಬಂದ ಯಾರೋ ಏನಾಯಿತೆಂದು ಕೇಳಿರಬೇಕು. ಅವರು ಕೊಟ್ಟ ಉತ್ತರ ಕಿಟಕಿಯಿಂದ ನನಗೆ ಚೆನ್ನಾಗಿ ಕೇಳಿಸಿತು.

"ಪರವಾಗಿಲ್ಲ ಬಿಡ್ರಿ. ನಿಜವಾದ ದನಕ್ಕೂ ಒಂದೀಟು ಮಾಡ್ತಾರೆ."

ನನ್ನ ಇಡೀ ನೌಕರಿಯಲ್ಲಿ ಯಾರೂ ಕೇಳದೆ ತಾವಾಗಿಯೇ ಕೊಟ್ಟ ಸರ್ಟಿಫಿಕೇಟು ಅದೊಂದೇ. ಸಂಜೆ ಹೋಗಿ ಗಿರಿಜೆಗೆ ಹೇಳಿದೆ. ಆ ಮಾತನ್ನು ಬರೆಸಿಕೊಳ್ಳಬೇಕಾಗಿತ್ತು, ರೈತರ ರುಜು ಬೇಕಾದರೆ ನಾನೇ ಹಾಕಿಸಿಕೊಂಡು ಬರುತ್ತಿದ್ದೆ ಎಂದಳು.